ನೀಲದ ಉಂಗುರ ಮಾಡಿಸುವ ಮುಂಚೆ

"ಜೋಯಿಸರು ನೀಲ ಹಾಕ್ಕೊಳ್ಳಿ ಅಂದಿದ್ದಾರೆ. ಅಂಗಡಿಯವರು ತೋರಿಸಿದ್ದು ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತೆ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮಗನಿಗೆ ಏಳರಾಟ ಶುರುವಾಗಿದೆ ಅಂತ ಒಬ್ಬರು ಕೇಳುತ್ತಾರೆ. ಅಜ್ಜಿಯ ಉಂಗುರದಲ್ಲಿರುವ ನೀಲಿ ಕಲ್ಲು ಯಾವುದು ಅಂತ ಇನ್ನೊಬ್ಬರು. ಮದುವೆಗೆ ನವರತ್ನದ ಸರ ಮಾಡಿಸಬೇಕು ಅಂತ ಮತ್ತೊಬ್ಬರು. ಎಲ್ಲರಿಗೂ ಅನುಕೂಲವಾಗಲಿ ಅಂತ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. "ಅಸಲಿಯೋ ನಕಲಿಯೋ" ಅಂತ ಕೇಳಿದರೆ ಸಾಲದು. ಕೇಳಬೇಕಾದದ್ದು ಮೂರು ಪ್ರಶ್ನೆ. ಇದು ನೀಲವೋ, ಬೇರೆ ಯಾವುದೋ ನೀಲಿ ಕಲ್ಲೋ? ನೀಲವೇ ಆದರೆ, ಭೂಮಿಯಲ್ಲಿ ಸಿಕ್ಕಿದ್ದೋ ಕುಲುಮೆಯಲ್ಲಿ ಬೆಳೆಸಿದ್ದೋ? ಭೂಮಿಯದ್ದೇ ಆದರೆ, ಅದರ ಬಣ್ಣಕ್ಕೆ ಏನಾದರೂ ಮಾಡಿದ್ದಾರೋ? ಮೊದಲನೆಯದಕ್ಕೆ ಮನೆಯಲ್ಲೇ ಒಂದು ಮಟ್ಟಿಗೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಸುಳಿವು ಸಿಗಬಹುದು. ಮೂರನೆಯದಕ್ಕೆ ಲ್ಯಾಬೇ ಗತಿ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಈ ಎರಡನೇ ಮತ್ತು ಮೂರನೇ ಪ್ರಶ್ನೆ ಕೇಳದೆ.

ನೀಲ ಅಂದರೆ ಏನು?

ನೀಲ, ನೀಲಮಣಿ, ಇಂದ್ರನೀಲ, ಅಂಗಡಿಯವರ ಬಾಯಲ್ಲಿ ನೀಲಂ ಅಥವಾ ಬ್ಲೂ ಸಫೈರ್. ಹೆಸರು ಹಲವು, ಕಲ್ಲು ಒಂದೇ. ಇದು ಕುರಂದ ಅನ್ನುವ ಖನಿಜದ ನೀಲಿ ರೂಪ. ಅಲ್ಯೂಮಿನಿಯಮ್ ಮತ್ತು ಆಮ್ಲಜನಕ ಸೇರಿ ಆಗುವ ಕುರಂದಕ್ಕೆ ಅದರಷ್ಟಕ್ಕೆ ಬಣ್ಣವಿಲ್ಲ. ಕಬ್ಬಿಣ ಮತ್ತು ಟೈಟೇನಿಯಮ್ ಒಂಚೂರು ಬೆರೆತರೆ ನೀಲಿಯಾಗುತ್ತದೆ. ಕ್ರೋಮಿಯಮ್ ಬೆರೆತರೆ ಕೆಂಪಾಗುತ್ತದೆ, ಅದೇ ಮಾಣಿಕ್ಯ. ನೀಲ ಮತ್ತು ಮಾಣಿಕ್ಯ ಒಡಹುಟ್ಟಿದವು ಅನ್ನಬಹುದು. ಇಂಗ್ಲಿಷರ ಕೊರಂಡಮ್ ಅನ್ನುವ ಪದ ಹೋಗಿದ್ದು ಕೂಡ ನಮ್ಮ ಕಡೆಯಿಂದಲೇ. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಅದರ ಮೂಲ. ಕರ್ನಾಟಕದಲ್ಲೂ ಕುರಂದ ಸಿಗುತ್ತದೆ. ಆದರೆ ಅದು ಬಹುಪಾಲು ಬೆಳಕು ಹಾಯದ ಮಬ್ಬು ಕಲ್ಲು. ಗಡಸುತನದಲ್ಲಿ ವಜ್ರ 10 ಆದರೆ ಕುರಂದ 9, ಹಾಗಾಗಿ ಉಜ್ಜುವ, ಸಾಣೆ ಹಿಡಿಯುವ ಕೆಲಸಕ್ಕೆ ಚೆನ್ನಾಗಿ ಬರುತ್ತದೆ.

ಒಡವೆಗೆ ಆಗುವ ನೀಲಕ್ಕೆ ನಮ್ಮ ಹಿರಿಯರು ನೋಡಿದ್ದು ಸಿಂಹಳದ ಕಡೆಗೆ. ಗರುಡ ಪುರಾಣದಲ್ಲಿ ಬಲ ಅನ್ನುವ ಅಸುರನ ಕಥೆಯಿದೆ. ಅವನ ಮೈಯ ಒಂದೊಂದು ಭಾಗ ಒಂದೊಂದು ರತ್ನವಾಯಿತಂತೆ. ಹಲ್ಲು ಮುತ್ತಾಯಿತು, ರಕ್ತ ಮಾಣಿಕ್ಯವಾಯಿತು, ಕಣ್ಣುಗಳು ಸಿಂಹಳದಲ್ಲಿ ಬಿದ್ದು ಇಂದ್ರನೀಲವಾದವು. ನೂರು ಪಟ್ಟು ಹಾಲಿನಲ್ಲಿ ಇಟ್ಟರೂ ಹಾಲನ್ನೆಲ್ಲ ನೀಲಿಯಾಗಿಸುವ ಕಲ್ಲು ಮಹಾನೀಲ ಅಂತಲೂ ಅದೇ ಪುರಾಣ ಹೇಳುತ್ತದೆ. ಈ ಹಾಲಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಶ್ರೀಲಂಕಾದ ರತ್ನಪುರದಲ್ಲಿ ಇವತ್ತಿಗೂ ಮಣ್ಣಿನಡಿಯ ಜಲ್ಲಿ ತೆಗೆದು, ಬುಟ್ಟಿಯಲ್ಲಿ ತೊಳೆದು ನೀಲ ಹುಡುಕುತ್ತಾರೆ. ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿರುವ 563 ಕ್ಯಾರಟ್ಟಿನ ನಕ್ಷತ್ರ ನೀಲಕ್ಕೆ (ಬೆಳಕಿನಲ್ಲಿ ನಕ್ಷತ್ರ ಮೂಡುವ ನೀಲ) "ಸ್ಟಾರ್ ಆಫ್ ಇಂಡಿಯಾ" ಅಂತ ಹೆಸರು. ಆದರೆ ಅದು ಕೂಡ ಲಂಕೆಯದೇ.

ನಮ್ಮ ದೇಶದ್ದು ಅಂತ ಎದೆ ಮುಟ್ಟಿ ಹೇಳಬಹುದಾದದ್ದು ಕಾಶ್ಮೀರದ ನೀಲ. 1881ರ ಸುಮಾರಿಗೆ ಕಿಷ್ತ್‌ವಾಡದ ಪಾಡರ್ ಕಣಿವೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ಗುಡ್ಡ ಕುಸಿದು ಆ ಕಲ್ಲುಗಳು ಹೊರಬಿದ್ದವು. ಒಳ್ಳೆಯ ಕಲ್ಲುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಮೊದಲ ಆರೇಳು ವರ್ಷಗಳಲ್ಲೇ. ಆಮೇಲೆ ಅಂಥ ಫಸಲು ಮತ್ತೆ ಬರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸಾಮಾನ್ಯ ಅಂಗಡಿಯಲ್ಲಿ ಸಾಮಾನ್ಯ ಬೆಲೆಗೆ "ಇದು ಕಾಶ್ಮೀರದ್ದು" ಅಂದರೆ ನಂಬಬೇಡಿ. ನಿಜವಾದ ಕಾಶ್ಮೀರದ ಕಲ್ಲು ಹೆಚ್ಚಾಗಿ ಹಳೆಯ ಒಡವೆಗಳಿಂದ, ದೊಡ್ಡ ಹರಾಜುಗಳಲ್ಲಿ ಕೈ ಬದಲಾಯಿಸುತ್ತದೆ.

ಬೇಕಾದ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ ಅದು. ಸಣ್ಣ ಟಾರ್ಚ್, ಬಿಳಿ ಬಟ್ಟಲು, ಹಳೆಯ ಪೇಪರ್, ತೆಳು ನೈಲಾನ್ ದಾರ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. 0.001 ಗ್ರಾಂ ತೋರಿಸುವುದು ಸಿಕ್ಕರೆ ಇನ್ನೂ ಒಳ್ಳೆಯದು. ಮತ್ತೆ ಕಲ್ಲು ಬಿಡಿಯಾಗಿರಬೇಕು. ಉಂಗುರದಲ್ಲಿ ಕೂರಿಸಿದ ಕಲ್ಲಿಗೆ ಅರ್ಧ ಪರೀಕ್ಷೆ ಮಾತ್ರ ಸಾಧ್ಯ.

ಹಂತ 1: ಯಾಕೆ ಕೊಳ್ಳುತ್ತಿದ್ದೀರಿ ಅಂತ ತೀರ್ಮಾನ ಮಾಡಿ

ಚೆಂದಕ್ಕೆ ಕೊಳ್ಳುವುದಾದರೆ ಬಿಸಿ ಮಾಡಿ ಬಣ್ಣ ಏರಿಸಿದ ಕಲ್ಲು ಧಾರಾಳವಾಗಿ ಆಗುತ್ತದೆ. ಕುಲುಮೆಯಲ್ಲಿ ಬೆಳೆಸಿದ್ದೂ ತಪ್ಪಲ್ಲ, ಅದರ ಬೆಲೆಯನ್ನೇ ಕೊಟ್ಟರೆ. ಶನಿಗೆ ಅಂತ ಕೊಳ್ಳುವವರಿಗೆ ಸಾಮಾನ್ಯವಾಗಿ ಭೂಮಿಯಲ್ಲಿ ಸಿಕ್ಕ, ಏನೂ ಮಾಡದ ಕಲ್ಲೇ ಬೇಕು ಅಂತ ಹೇಳಿರುತ್ತಾರೆ. ನಿಮಗೆ ಯಾವುದು ಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯಲ್ಲಿ ಕೂತಾಗ ಮನಸ್ಸು ಬದಲಾಗುತ್ತದೆ.

ನಂಬಿಕೆಯ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಕಲ್ಲಿನಿಂದ ಕಾಯಿಲೆ ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಕಷ್ಟದಲ್ಲಿರುವವರು ಸಾಲ ಮಾಡಿ ನೀಲ ಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದಯವಿಟ್ಟು ಸಾಲ ಮಾಡಿ ಕೊಳ್ಳಬೇಡಿ. "ಇದೇ ಅಂಗಡಿಯಲ್ಲಿ ತಗೊಳ್ಳಿ", "ಈ ಶನಿವಾರದೊಳಗೆ ಹಾಕ್ಕೊಳ್ಳಲೇಬೇಕು" ಅಂತ ಯಾರಾದರೂ ಅವಸರ ಮಾಡಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 2: ತೂಕದ ಭಾಷೆ ಒಂದೇ ಮಾಡಿಕೊಳ್ಳಿ

ರತ್ನದ ತೂಕ ಕ್ಯಾರಟ್ಟಿನಲ್ಲಿ. 1 ಕ್ಯಾರಟ್ ಅಂದರೆ 200 ಮಿಲಿಗ್ರಾಂ, 5 ಕ್ಯಾರಟ್ ಅಂದರೆ 1 ಗ್ರಾಂ. ಚಿನ್ನದ 22 ಕ್ಯಾರಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಶುದ್ಧತೆಯ ಲೆಕ್ಕ.

ತೊಂದರೆ ಇರುವುದು ರತ್ತಿಯಲ್ಲಿ. ರತ್ತಿ ಅಂದರೆ ನಮ್ಮ ಗುಲಗಂಜಿ ತೂಕ. ಚಿನ್ನದ ಲೆಕ್ಕದಲ್ಲಿ ಒಂದು ರತ್ತಿ ಸುಮಾರು 121 ಮಿಲಿಗ್ರಾಂ. ರತ್ನ ಮಾರುವ ಹಲವು ಕಡೆ ಅದೇ ರತ್ತಿ ಸುಮಾರು 182 ಮಿಲಿಗ್ರಾಂ. ಜೋಯಿಸರು "5 ರತ್ತಿ" ಅಂದರೆ ಒಂದು ಲೆಕ್ಕದಲ್ಲಿ 3 ಕ್ಯಾರಟ್, ಇನ್ನೊಂದರಲ್ಲಿ ನಾಲ್ಕೂವರೆ ಕ್ಯಾರಟ್ ಆಗುತ್ತದೆ. ದೊಡ್ಡ ಕಲ್ಲಿನಲ್ಲಿ ಒಂದೊಂದು ಕ್ಯಾರಟ್ಟಿನ ದರವೇ ಜಾಸ್ತಿ, ಹಾಗಾಗಿ ದುಡ್ಡಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಬೆಲೆ ಕೇಳುವಾಗ ಒಂದೇ ಮಾತು ಹೇಳಿ: "ಕ್ಯಾರಟ್ಟಿಗೆ ಎಷ್ಟು?"

ಹಂತ 3: ಹಗಲು ಬೆಳಕಿನಲ್ಲಿ ನೋಡಿ

ಅಂಗಡಿಯ ಲೈಟು ಕಲ್ಲನ್ನು ಹೊಳೆಸಲೆಂದೇ ಹಾಕಿರುವುದು. ಬಾಗಿಲ ಹತ್ತಿರ, ನೆರಳಿನಲ್ಲಿ ನಿಂತು ಹಗಲು ಬೆಳಕಿಗೆ ಹಿಡಿಯಿರಿ. ತೀರಾ ಕಡು ಬಣ್ಣದ ಕಲ್ಲು ಸಂಜೆ ಹೊತ್ತು ಕಪ್ಪಾಗಿ ಕಾಣುತ್ತದೆ. ಆಮೇಲೆ ಕಲ್ಲನ್ನು ಪೇಪರಿನ ಮೇಲೆ ಬೆನ್ನು ಕೆಳಗಾಗಿ ಇಟ್ಟು ಮೇಲಿನಿಂದ ನೋಡಿ. ನಡುವೆ ಅಕ್ಷರ ಸಲೀಸಾಗಿ ಓದಲು ಬಂದರೆ ತಳ ಚಪ್ಪಟೆಯಾಗಿ ಕತ್ತರಿಸಿದ್ದಾರೆ, ಬೆಳಕು ಸೋರಿಹೋಗುತ್ತದೆ ಅಂತ ಅರ್ಥ.

ಈಗ ಪಕ್ಕದಿಂದ ನೋಡಿ. ಸಿಲೋನ್ ಕಲ್ಲುಗಳಲ್ಲಿ ಎಷ್ಟೋ ಸಲ ಬಣ್ಣ ತಳದ ತುದಿಯಲ್ಲಿ ಮಾತ್ರ ಇರುತ್ತದೆ. ಉಳಿದ ಭಾಗ ನೀರಿನಂತೆ ತಿಳಿ. ಆದರೂ ಮೇಲಿನಿಂದ ನೋಡಿದಾಗ ಇಡೀ ಕಲ್ಲು ನೀಲಿಯಾಗಿ ಕಾಣುತ್ತದೆ. ಇದು ಮೋಸವಲ್ಲ. ಇದ್ದ ಬಣ್ಣವನ್ನು ಜಾಣತನದಿಂದ ಬಳಸಿಕೊಂಡ ಕಲ್ಲು ಕತ್ತರಿಸುವವನ ಕೈಚಳಕ. ಭೂಮಿಯ ಕಲ್ಲು ಇರಬಹುದು ಅನ್ನುವುದಕ್ಕೆ ಅದು ಒಂದು ಒಳ್ಳೆಯ ಗುರುತು ಕೂಡ. ತಳ ವಿಪರೀತ ದಪ್ಪ ಇದ್ದರೆ ಮಾತ್ರ ಯೋಚನೆ ಮಾಡಿ, ಉಂಗುರದೊಳಗೆ ಮುಚ್ಚಿಹೋಗುವ ಭಾಗಕ್ಕೂ ನೀವೇ ದುಡ್ಡು ಕೊಡುತ್ತಿದ್ದೀರಿ.

ಹಂತ 4: ಲೂಪ್ ಹಿಡಿದು ಒಳಗೆ ನೋಡಿ

ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಅದರ ಮುಂದೆ ಒಂದು ಇಂಚಿನ ದೂರಕ್ಕೆ ತನ್ನಿ. ಟಾರ್ಚ್ ಪಕ್ಕದಿಂದ ಬಿಡಿ. ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ಕೈ ನಡುಗುತ್ತದೆ. ಮೊಣಕೈಯನ್ನು ಮೇಜಿನ ಮೇಲೆ ಊರಿಕೊಂಡರೆ ಸರಿಹೋಗುತ್ತದೆ.

ಭೂಮಿಯ ನೀಲದೊಳಗೆ ರೇಷ್ಮೆ ಎಳೆಯಂಥ ತೆಳು ಸೂಜಿಗಳು ಕಾಣಬಹುದು. ವ್ಯಾಪಾರದವರು ಇದನ್ನು ಸಿಲ್ಕ್ ಅಂತಲೇ ಕರೆಯುತ್ತಾರೆ. ಸುಮ್ನೆ ಚೆಲ್ಲಾಪಿಲ್ಲಿಯಾಗಿ ಇರುವುದಿಲ್ಲ, ಮೂರು ದಿಕ್ಕಿಗೆ 60 ಡಿಗ್ರಿ ಕೋನದಲ್ಲಿ ಅಚ್ಚುಕಟ್ಟಾಗಿ ಒಂದನ್ನೊಂದು ಹಾಯುತ್ತವೆ. ಕಲ್ಲನ್ನು ನಿಧಾನಕ್ಕೆ ತಿರುಗಿಸಿದರೆ ಒಂದು ಕೋನದಲ್ಲಿ ಆ ಎಳೆಗಳೆಲ್ಲ ಒಮ್ಮೆಗೇ ಮಿಂಚಿ ಮರೆಯಾಗುತ್ತವೆ. ಅದನ್ನು ಮೊದಲ ಸಲ ಕಂಡ ದಿನ ನನಗೆ ಕಲ್ಲು ಕೆಳಗಿಡಲು ಮನಸ್ಸೇ ಬರಲಿಲ್ಲ. ಈ ಎಳೆಗಳು ದಟ್ಟವಾಗಿದ್ದು, ಕಲ್ಲನ್ನು ಗುಮ್ಮಟದಂತೆ ಉರುಟಾಗಿ ಉಜ್ಜಿದರೆ ಬೆಳಕಿನಲ್ಲಿ ಆರು ಕಿರಣದ ನಕ್ಷತ್ರ ಮೂಡುತ್ತದೆ. ಬೆರಳಚ್ಚಿನಂತೆ ಕಾಣುವ ಪೊರೆಗಳು, ಪುಟ್ಟ ಹರಳುಗಳು ಕೂಡ ಭೂಮಿಯ ಗುರುತುಗಳೇ.

ಗುಂಡನೆಯ ಗಾಳಿಗುಳ್ಳೆ ಕಂಡರೆ ಎಚ್ಚರ. ಗಾಜಿನಲ್ಲಿ ಮತ್ತು ಕುಲುಮೆಯಲ್ಲಿ ಬೆಳೆಸಿದ ನೀಲದಲ್ಲಿ ಅವು ಸಾಮಾನ್ಯ. ಏನೂ ಕಾಣದಷ್ಟು ಸ್ವಚ್ಛವಾದ, ದೊಡ್ಡ, ಅಗ್ಗದ ಕಲ್ಲೂ ಅನುಮಾನಕ್ಕೆ ಕಾರಣವೇ.

ಹಂತ 5: ನೀರಿನ ಬಟ್ಟಲು

ಬಿಳಿ ಬಟ್ಟಲಿನಲ್ಲಿ ನೀರು ಹಾಕಿ ಕಲ್ಲು ಮುಳುಗಿಸಿ. ನೀರಿನಲ್ಲಿ ಮೇಲ್ಮೈಯ ಹೊಳಪು ತಗ್ಗಿ, ಬಣ್ಣ ಹೇಗೆ ಹರಡಿದೆ ಅನ್ನುವುದು ಕಾಣುತ್ತದೆ. ಭೂಮಿಯ ನೀಲದಲ್ಲಿ ಬಣ್ಣದ ಪಟ್ಟೆಗಳು ನೇರವಾಗಿ ಅಥವಾ ಜೇನುಗೂಡಿನ ಕೋಣೆಯ ಮೂಲೆಯಂತೆ ಕೋನವಾಗಿ ಇರುತ್ತವೆ. ಬೆಂಕಿಯ ಜ್ವಾಲೆಯಲ್ಲಿ ಕರಗಿಸಿ ಬೆಳೆಸಿದ ಕಲ್ಲಿನಲ್ಲಿ ಪಟ್ಟೆಗಳು ಬಾಗಿರುತ್ತವೆ. ಕಲ್ಲಿನ ಮುಖಗಳ ಅಂಚಿನ ಉದ್ದಕ್ಕೂ ಮಾತ್ರ ಬಣ್ಣ ದಟ್ಟವಾಗಿ, ಗೆರೆ ಎಳೆದಂತೆ ಕಂಡರೆ ಅದು ಬಣ್ಣವನ್ನು ಹೊರಗಿನಿಂದ ಮೇಲ್ಪದರಕ್ಕೆ ಇಳಿಸಿದ ಕಲ್ಲು.

ಈಗ ಹಾಲಿನ ವಿಷಯ. ನೀಲವನ್ನು ಹಾಲಿಗೆ ಹಾಕಿ, ಹಾಲು ನೀಲಿಯಾದರೆ ಅಸಲಿ ಅಂತ ಇವತ್ತಿಗೂ ಹೇಳುತ್ತಾರೆ. ಪುರಾಣದ ಮಾತು ಚೆಂದ. ಆದರೆ ಬಿಳಿ ಹಾಲಿನಲ್ಲಿ ಯಾವ ತಿಳಿ ನೀಲಿ ಕಲ್ಲಿಟ್ಟರೂ, ನೀಲಿ ಗಾಜಿಟ್ಟರೂ ಛಾಯೆ ಕಾಣುತ್ತದೆ. ಗಾಜಿನ ಮೇಲೆ ಗೀರುವ ಪರೀಕ್ಷೆಯೂ ಬೇಡ. ಕುಲುಮೆಯ ನೀಲವೂ ಗಾಜನ್ನು ಗೀರುತ್ತದೆ, ಜೊತೆಗೆ ನಿಮ್ಮ ಕಲ್ಲಿನ ಅಂಚು ಮುಕ್ಕಾಗಬಹುದು. ಬೆಂಕಿಗೆ ಹಿಡಿಯುವುದಂತೂ ಬೇಡವೇ ಬೇಡ.

ಹಂತ 6: ನೀರಿನಲ್ಲಿ ತೂಗಿ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಅತಿ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಒಂದು ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದನ್ನು ಸಾಪೇಕ್ಷ ಸಾಂದ್ರತೆ ಅನ್ನುತ್ತಾರೆ. ನೀಲಕ್ಕೆ ಅದು 4.

ಮೊದಲು ಕಲ್ಲನ್ನು ಒಣಗಿಸಿ ತೂಗಿ, ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಪುಟ್ಟ ಲೋಟದಲ್ಲಿ ನೀರಿಟ್ಟು, ಗುಂಡಿ ಒತ್ತಿ ಸೊನ್ನೆ ಮಾಡಿ. ಕಲ್ಲನ್ನು ದಾರಕ್ಕೆ ಕಟ್ಟಿ, ಕೈಯಲ್ಲೇ ಹಿಡಿದು ನೀರಿನೊಳಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವುದೇ ಕಲ್ಲು ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ.

ಲೆಕ್ಕ ಹೀಗೆ. ಕಲ್ಲು 1.24 ಗ್ರಾಂ, ನೀರಿನಲ್ಲಿ ತಕ್ಕಡಿ ತೋರಿಸಿದ್ದು 0.31. ಭಾಗಿಸಿದರೆ 4. ನೀಲಕ್ಕೆ ಹೊಂದುತ್ತದೆ. ಅದೇ ತೂಕದ ಇನ್ನೊಂದು ಕಲ್ಲಿಗೆ 0.49 ಬಂದರೆ ಉತ್ತರ ಸುಮಾರು 2.5. ಅದು ಗಾಜು ಇರಬಹುದು. ಬೇರೆ ಕಲ್ಲುಗಳಲ್ಲಿ, "ನೀಲಿ" ಅನ್ನುವ ಹೆಸರಲ್ಲಿ ಅಗ್ಗಕ್ಕೆ ಮಾರುವ ಅಯೊಲೈಟ್ 2.6ರ ಆಸುಪಾಸು, ಟಾಂಜಾನೈಟ್ 3.35, ನೀಲಿ ಟೋಪಾಜ್ 3.5, ಸ್ಪೈನೆಲ್ 3.6, ಕಾರ್ಖಾನೆಯಲ್ಲಿ ಮಾಡುವ ಕ್ಯೂಬಿಕ್ ಜಿರ್ಕೋನಿಯಾ 5.6ಕ್ಕಿಂತ ಮೇಲೆ.

ಕಲ್ಲಿಗೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ಕಡಿಮೆ ಬರುತ್ತದೆ. ನೀರಿಗೆ ಒಂದು ಹನಿ ಸೋಪಿನ ನೀರು ಬೆರೆಸಿ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ. 3 ಕ್ಯಾರಟ್ಟಿಗಿಂತ ಸಣ್ಣ ಕಲ್ಲಿಗೆ 0.01 ಗ್ರಾಂ ತಕ್ಕಡಿ ಸಾಲದು, 3.8 ಬಂದ ಕೂಡಲೇ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಲುಮೆಯಲ್ಲಿ ಬೆಳೆಸಿದ ನೀಲಕ್ಕೂ ಉತ್ತರ ನಾಲ್ಕೇ ಬರುತ್ತದೆ. ಅದು ಗಾಜಲ್ಲ, ನಿಜವಾದ ಕುರಂದವೇ. ಫ್ರಾನ್ಸಿನ ವರ್ನ್ಯೂಯಿ ಅನ್ನುವ ವಿಜ್ಞಾನಿ 1902ರಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದರು, ಸುಮಾರು 1910ರ ಹೊತ್ತಿಗೆ ನೀಲವೂ ಬಂತು. ಹಾಗಾಗಿ "ನಮ್ಮಜ್ಜಿ ಕಾಲದ್ದು, ಅಸಲಿ ಇರಲೇಬೇಕು" ಅನ್ನುವ ಮಾತು ನಿಲ್ಲುವುದಿಲ್ಲ. ಅಜ್ಜಿಯ ಕಾಲಕ್ಕೇ ಕುಲುಮೆಯ ಕಲ್ಲು ಮಾರುಕಟ್ಟೆಯಲ್ಲಿತ್ತು. ಇವತ್ತು ಕೈಗಡಿಯಾರದ ಗಾಜು, ಎಲ್‌ಇಡಿ ದೀಪದ ಚಿಪ್ಪಿನ ತಳ, ಇಂಥ ಕಡೆ ಬಳಸುವುದೂ ಹೀಗೆ ಬೆಳೆಸಿದ ಬಣ್ಣವಿಲ್ಲದ ಕುರಂದವನ್ನೇ.

ಹಂತ 7: ಕಲ್ಲಿಗೆ ಏನು ಮಾಡಿದ್ದಾರೆ ಅಂತ ಕೇಳಿ

ಅಂಗಡಿಯಲ್ಲಿ ಕೇಳಿಬರುವ ಮಾತುಗಳ ಅರ್ಥ ತಿಳಿದಿರಲಿ.

ಅನ್‌ಹೀಟೆಡ್ ಅಂದರೆ ಬಿಸಿ ಮಾಡದ ಕಲ್ಲು. ಒಳ್ಳೆಯ ಬಣ್ಣದ್ದಾದರೆ ಬೆಲೆ ಎಲ್ಲಕ್ಕಿಂತ ಜಾಸ್ತಿ.

ಹೀಟೆಡ್ ಅಂದರೆ ಕುಲುಮೆಯಲ್ಲಿ ಕಾಯಿಸಿ ಬಣ್ಣ ಏರಿಸಿದ್ದು. ಶ್ರೀಲಂಕಾದಲ್ಲಿ ಗೆವುಡ ಅನ್ನುವ ಹಾಲುಬಿಳುಪಿನ ಕುರಂದ ಸಿಗುತ್ತದೆ. ಮೊದಲು ಅದಕ್ಕೆ ಅಂಥ ಬೆಲೆ ಇರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನವರು ಅದನ್ನು 1,500 ಡಿಗ್ರಿಗೂ ಮೇಲೆ ಕಾಯಿಸಿದಾಗ ಒಳಗಿನ ಟೈಟೇನಿಯಮ್ ಕರಗಿ ಬೆರೆತು ಕಲ್ಲು ನೀಲಿಯಾಯಿತು. ಈ ಬಣ್ಣ ಹೋಗುವುದಿಲ್ಲ. ಈಗ ಮಾರುಕಟ್ಟೆಯಲ್ಲಿರುವ ನೀಲಗಳಲ್ಲಿ ಹೆಚ್ಚಿನವು ಕಾಯಿಸಿದವೇ. ಹೇಳಿ ಮಾರಿದರೆ ಇದರಲ್ಲಿ ಏನೂ ತಪ್ಪಿಲ್ಲ.

ಡಿಫ್ಯೂಷನ್ ಅಂದರೆ ಕಾಯಿಸುವಾಗ ಹೊರಗಿನಿಂದ ಟೈಟೇನಿಯಮ್ ಅಥವಾ ಬೆರಿಲಿಯಮ್ ಸೇರಿಸಿ ಬಣ್ಣ ಬದಲಿಸಿದ್ದು. ಟೈಟೇನಿಯಮ್ಮಿನದು ಮೇಲ್ಪದರದ ಬಣ್ಣ ಮಾತ್ರ, ಮತ್ತೆ ಉಜ್ಜಿಸಿದರೆ ಹೋಗಬಹುದು. ಬೆಲೆ ತುಂಬಾ ಕಡಿಮೆ ಇರಬೇಕು.

ಗ್ಲಾಸ್ ಫಿಲ್ಡ್ ಅಂದರೆ ಬಿರುಕು ತುಂಬಿದ ಕಳಪೆ ಕಲ್ಲಿಗೆ ಕೋಬಾಲ್ಟ್ ಬೆರೆಸಿದ ಸೀಸದ ಗಾಜು ತುಂಬಿದ್ದು. ದೂರದಿಂದ ಬಲು ಸೊಗಸು. ಲೂಪಿನಲ್ಲಿ ನೋಡಿದರೆ ನೀಲಿ ಬಣ್ಣ ಬಿರುಕುಗಳಲ್ಲಿ ಮಾತ್ರ ಬಲೆಯಂತೆ ಹರಡಿರುತ್ತದೆ. ನಿಂಬೆರಸ, ಆಸಿಡ್, ಅಕ್ಕಸಾಲಿಗರ ಬೆಂಕಿ ಇವೆಲ್ಲ ಆ ಗಾಜನ್ನು ಹಾಳು ಮಾಡುತ್ತವೆ. ಇದನ್ನು "ನ್ಯಾಚುರಲ್ ನೀಲಂ" ಅಂತ ಮಾರುವುದುಂಟು, ನನಗೆ ಅತ್ಯಂತ ಸಿಟ್ಟು ಬರುವುದು ಇದಕ್ಕೇ. ಕಲ್ಲು ಭೂಮಿಯದು ನಿಜ, ಕಣ್ಣಿಗೆ ಕಾಣುವ ಬಣ್ಣ ಗಾಜಿನದು.

ಹಂತ 8: ಲ್ಯಾಬ್ ರಿಪೋರ್ಟ್ ಓದುವುದು ಕಲಿಯಿರಿ

ಅಂಗಡಿಯವರೇ ಛಾಪಿಸಿದ ಕಾರ್ಡು ರಿಪೋರ್ಟ್ ಅಲ್ಲ. ಕೊಳ್ಳುವವರಿಗೂ ಮಾರುವವರಿಗೂ ಸೇರದ ರತ್ನ ಪರೀಕ್ಷಾ ಲ್ಯಾಬ್ ಆಗಿರಬೇಕು. ಜಿಐಎ, ಐಜಿಐ, ಜೈಪುರದ ಐಐಜಿಜೆ-ಆರ್‌ಎಲ್‌ಸಿ (ಮೊದಲು ಇದಕ್ಕೆ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ ಅಂತ ಹೆಸರಿತ್ತು) ಇಂಥವು. ದುಬಾರಿ ಕಲ್ಲಾದರೆ ನೀವೇ ಹೊಸದಾಗಿ ಪರೀಕ್ಷೆ ಮಾಡಿಸಿ.

ರಿಪೋರ್ಟಿನಲ್ಲಿ "ನ್ಯಾಚುರಲ್ ಸಫೈರ್" ಅಂತ ಇದ್ದ ಕೂಡಲೇ ಸಮಾಧಾನಪಡಬೇಡಿ. ಕಾಯಿಸಿದ್ದೂ, ಗಾಜು ತುಂಬಿದ್ದೂ ಆ ಸಾಲಿನಲ್ಲಿ ಹಾಗೇ ಇರಬಹುದು. ಕೆಳಗೆ ಟ್ರೀಟ್‌ಮೆಂಟ್ ಅಥವಾ ಕಾಮೆಂಟ್ಸ್ ಅನ್ನುವ ಸಾಲು ಹುಡುಕಿ. "ನೋ ಇಂಡಿಕೇಶನ್ಸ್ ಆಫ್ ಹೀಟಿಂಗ್" ಅಂದರೆ ಕಾಯಿಸಿದ ಗುರುತಿಲ್ಲ. "ನೋ" ಇಲ್ಲದೆ ಇದ್ದರೆ ಕಾಯಿಸಿದ್ದಾರೆ. ಆ ಸಾಲೇ ಇಲ್ಲದಿದ್ದರೆ, ಆ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಅಂತ ತಿಳಿಯಿರಿ. ಊರಿನ ಹೆಸರು, ಅಂದರೆ ಸಿಲೋನ್, ಕಾಶ್ಮೀರ್, ಬರ್ಮಾ ಅನ್ನುವುದು ಲ್ಯಾಬಿನ ಅಭಿಪ್ರಾಯ ಮಾತ್ರ.

ಕಲ್ಲಿನ ತೂಕ, ಮಿಲಿಮೀಟರ್ ಅಳತೆ, ಫೋಟೋ ಮೂರೂ ಕೈಯಲ್ಲಿರುವ ಕಲ್ಲಿಗೆ ತಾಳೆಯಾಗಬೇಕು. ರಿಪೋರ್ಟ್ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ನೀವೇ ಟೈಪ್ ಮಾಡಿ ನೋಡಿ. ಕಾರ್ಡಿನ ಮೇಲಿನ ಕ್ಯೂಆರ್ ಕೋಡ್ ನಕಲಿ ಪುಟಕ್ಕೂ ಕರೆದೊಯ್ಯಬಹುದು.

ಹಂತ 9: ಮೂರು ದಿನದ ಪದ್ಧತಿಯನ್ನು ಬಳಸಿಕೊಳ್ಳಿ

ನೀಲ ಎಲ್ಲರಿಗೂ ಆಗಿಬರುವುದಿಲ್ಲ, ಮೂರು ದಿನ ದಿಂಬಿನ ಕೆಳಗಿಟ್ಟು ನೋಡಿ ಅನ್ನುವುದು ಹಳೆಯ ವಾಡಿಕೆ. ಹಲವು ಅಂಗಡಿಗಳು ಇದಕ್ಕಾಗಿ ಬಿಡಿ ಕಲ್ಲನ್ನು ಮನೆಗೆ ಕೊಡುತ್ತವೆ. ನಿಮಗೆ ನಂಬಿಕೆ ಇರಲಿ ಬಿಡಲಿ, ಈ ಅವಕಾಶ ಬಿಡಬೇಡಿ. ಮೂರು ದಿನದ ಬದಲು ಹತ್ತು ದಿನ ಕೇಳಿ, ಅಷ್ಟರಲ್ಲಿ ಲ್ಯಾಬಿಗೆ ಕೊಟ್ಟು ರಿಪೋರ್ಟ್ ತರಿಸಿಕೊಳ್ಳಿ. "ರಿಪೋರ್ಟ್ ಹೊಂದದಿದ್ದರೆ ಪೂರ್ತಿ ಹಣ ವಾಪಸ್" ಅಂತ ಬಿಲ್ಲಿನ ಮೇಲೆಯೇ ಬರೆಸಿ. ಬಿಲ್ಲಿನಲ್ಲಿ ಕ್ಯಾರಟ್ ತೂಕ, ಹೀಟೆಡ್ ಅಥವಾ ಅನ್‌ಹೀಟೆಡ್, ಕ್ಯಾರಟ್ಟಿನ ದರ ಮೂರೂ ಇರಲಿ. ಸುಮ್ನೆ "ನೀಲಂ ಒಂದು" ಅಂತ ಬರೆದ ಬಿಲ್ಲಿಗೆ ಬೆಲೆಯಿಲ್ಲ. ಬಾಯಿಮಾತಿಗೆ ಒಪ್ಪಿ ಬರೆಯಲು ಒಪ್ಪದ ಅಂಗಡಿ ಬಿಟ್ಟುಬಿಡಿ.

ಹಂತ 10: ಕೂರಿಸುವುದು, ಕಾಪಾಡುವುದು

ರಿಪೋರ್ಟ್ ಕೈಗೆ ಬರುವವರೆಗೆ ಉಂಗುರಕ್ಕೆ ಕೂರಿಸಬೇಡಿ. ಶನಿಗೆ ಅಂತ ನಡುಬೆರಳಿಗೆ ಹಾಕುವವರು ಕಲ್ಲು ಚರ್ಮಕ್ಕೆ ತಾಗಲಿ ಅಂತ ತಳ ತೆರೆದು ಕಟ್ಟಿಸುತ್ತಾರೆ. ಬೇರೆಯವರಿಗೂ ಅದೇ ಒಳ್ಳೆಯದು. ಬೆಳಕು ಹಾಯುತ್ತದೆ, ತೊಳೆಯಲು ಸುಲಭ, ಕಲ್ಲಿನ ಬೆನ್ನು ಯಾವಾಗ ಬೇಕಾದರೂ ನೋಡಬಹುದು. ಹಳೆಯ ಒಡವೆಗಳಲ್ಲಿ ತಳ ಮುಚ್ಚಿ, ಕೆಳಗೆ ಬಣ್ಣದ ತಗಡು ಇಟ್ಟಿರುವುದುಂಟು. ಅಂಥದ್ದನ್ನು ಬಿಚ್ಚಿಸದೆ ಏನೂ ಹೇಳಲಾಗದು.

ತೊಳೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ ಸಾಕು. ನೀಲವನ್ನು ಬೇರೆ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಅದಕ್ಕೇನೂ ಆಗುವುದಿಲ್ಲ, ಮುತ್ತು ಪಚ್ಚೆಗಳಿಗೆ ಗೀರು ಬೀಳುತ್ತದೆ.

ಉಂಗುರ ಸಡಿಲವಾಗಿ ರಿಪೇರಿಗೆ ಕೊಡುವಾಗ ಕಲ್ಲು ಬಿಚ್ಚಿಸಿ ಮನೆಗೆ ತನ್ನಿ. ಬೆಸುಗೆಗೆ ಹಾಕುವ ಬಿಳಿಗಾರ, ಅಂದರೆ ಬೊರಾಕ್ಸ್, ಬೆಂಕಿಯಲ್ಲಿ ನೀಲದ ಮೇಲ್ಮೈಯನ್ನೇ ತಿನ್ನುತ್ತದೆ. ಮತ್ತೆ ಕೂರಿಸಲು ಕೊಡುವ ಮುಂಚೆ ಕಲ್ಲನ್ನು ತೂಗಿ ರಿಪೋರ್ಟಿನ ತೂಕಕ್ಕೆ ತಾಳೆ ನೋಡಿ, ಲೂಪಿನಲ್ಲಿ ಒಳಗಿನ ಗುರುತುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಉಂಗುರ ವಾಪಸ್ ಬಂದಾಗ ಅದೇ ಗುರುತುಗಳು ಅಲ್ಲೇ ಇವೆಯೇ ಅಂತ ಅಂಗಡಿಯಲ್ಲೇ ನಿಂತು ನೋಡಿ.